ನಲ್ಲಿ ಮುಚ್ಚಿದ ಫೆಬ್ರವರಿ

ಕಳೆದ ತಿಂಗಳು ಮಗಳನ್ನು ಆಸ್ಟಿನ್ನಿನ ಕಾಲೇಜಿಗೆ ಬಿಟ್ಟುಬರಲು ಹೊರಟಿದ್ದೆವು. ದಾರಿಯಲ್ಲಿ ಕಾರಿಗೆ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಪಕ್ಕದ ಸಾಲಿಗೆ ಒಂದು ಆರ್‌ವಿ ಬಂದು ನಿಂತಿತು. ಅಡಿಗೆಮನೆ, ಮಂಚ, ಬಚ್ಚಲು ಎಲ್ಲವನ್ನೂ ಹೊತ್ತು ತಿರುಗುವ ಚಕ್ರದ ಮೇಲಿನ ಮನೆ. ಅದರ ಹಿಂಭಾಗದಿಂದ ಒಂದು ವಾಸನೆ ತೇಲಿ ಬಂತು. ಸಂಡಾಸಿನ ಟ್ಯಾಂಕಿಗೆ ಸುರಿಯುವ ನೀಲಿ ಔಷಧಿಯದು, ಅರ್ಧ ಫಿನಾಯಿಲು, ಅರ್ಧ ಬಬಲ್‌ಗಮ್ಮು. ನಾನು ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. "ಇಟ್ಸ್ ಜಸ್ಟ್ ಎ ಕ್ಯಾಂಪರ್, ಅಮ್ಮಾ" ಅಂದಳು ಮಗಳು, ನನ್ನ ಮುಖ ನೋಡಿ. ನನ್ನ ಗಂಡ ರಘು ಮಾತ್ರ ಬೇಗ ಬೇಗ ಕಾರು ಹತ್ತಿದ. ಆ ವಾಸನೆಯ ಜೊತೆ ನಾನು ತಿಂಗಳುಗಟ್ಟಲೆ ಹೆದರಿಕೊಂಡು ಬದುಕಿದ್ದು ಅವನಿಗೆ ಗೊತ್ತು.

ನಾನು ಹುಟ್ಟಾ ಪುಕ್ಕಲಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತುಮಕೂರಿನ ನಮ್ಮ ಮನೆಗೆ ಪೋಸ್ಟ್‌ಮ್ಯಾನ್ ಬಂದರೆ ಯಾರೋ ಹೋದರು ಅಂತಲೇ ಅಳಲು ತಯಾರಾಗುತ್ತಿದ್ದವಳು. ಅಮೆರಿಕಕ್ಕೆ ಬಂದ ಮೇಲೆ ಆ ಭಯಗಳ ಜೊತೆಗೆ ಕಾಗದಪತ್ರದ ಭಯವೂ ಸೇರಿತು. ಆಗ ಮಗಳಿನ್ನೂ ಶಾಲೆಯಲ್ಲಿದ್ದಳು, ನಾವು ಹ್ಯೂಸ್ಟನ್ನಿನ ಕೇಟಿಗೆ ಬಂದು ನಾಲ್ಕು ವರ್ಷ. ರಘು ಎಣ್ಣೆ ಕಂಪನಿಗಳೇ ತುಂಬಿದ ಎನರ್ಜಿ ಕಾರಿಡಾರಿನಲ್ಲಿ ಪೈಪ್‌ಲೈನ್ ಇಂಜಿನಿಯರ್. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಯಾವುದೋ ಸರ್ಕಾರಿ ಕಪಾಟಿನಲ್ಲಿ ಕೂತಿತ್ತು, ನನಗೆ ಕೆಲಸ ಮಾಡುವ ಪರ್ಮಿಟ್ಟು ಮಾತ್ರ ಕೈಗೆ ಬಂದಿತ್ತು. ಮನೆಯಲ್ಲಿ ಗೋಡೆ ನೋಡಿ ನೋಡಿ ಸಾಕಾಗಿ, ಕೇಟಿಯಿಂದ ಅರ್ಧ ಗಂಟೆ ದೂರದ ಒಂದು ಸಣ್ಣ ಊರಿನ ಆರ್‌ವಿ ಪಾರ್ಕಿನ ಆಫೀಸಿಗೆ ಕೆಲಸಕ್ಕೆ ಸೇರಿದೆ.

ಪಾರ್ಕು ಅಂದರೆ ಹೂಗಿಡ, ಕಲ್ಲುಬೆಂಚು ಇರುವ ಪಾರ್ಕಲ್ಲ. ಸಿಮೆಂಟು ಹಾಸಿದ ಅರವತ್ತೆರಡು ಜಾಗಗಳು. ಒಂದೊಂದು ಜಾಗಕ್ಕೂ ಒಂದು ಕರೆಂಟಿನ ಕಂಬ, ಮೊಣಕಾಲೆತ್ತರದ ಒಂದು ನಲ್ಲಿ, ಕೊಳೆನೀರು ಹೋಗಲು ನೆಲದಲ್ಲೊಂದು ತೂತು. ಪ್ರವಾಸಿಗರು ಬಂದು ಹೋಗುವ ಜಾಗ ಅಂದುಕೊಂಡಿದ್ದೆ. ನೋಡಿದರೆ ಮುಕ್ಕಾಲು ಜನ ವರ್ಷಗಟ್ಟಲೆ ಅಲ್ಲೇ ಬೇರು ಬಿಟ್ಟವರು. ಬೇರೆ ಕಡೆ ಬಾಡಿಗೆ ಕೊಡಲಾಗದ ಮುದುಕರು, ಮೂರು ತಿಂಗಳಿಗೊಂದು ಊರಲ್ಲಿ ಕೆಲಸ ಮಾಡುವ ವೆಲ್ಡರುಗಳು. ಒಡತಿ ಲೋರೆನ್, ಅರವತ್ತು ದಾಟಿದ ವಿಧವೆ, ಡಾಲಸ್ ಕಡೆಯ ಮೆಕಿನ್ನಿಯಲ್ಲಿ ಮಗಳ ಮನೆಯಲ್ಲಿದ್ದಳು. ತಿಂಗಳಿಗೆರಡು ಸಲ ಬರುವಳು. ವಸುಧಾ ಎಂಬ ನನ್ನ ಹೆಸರು ಅವಳ ನಾಲಿಗೆಗೆ ಒಗ್ಗದೆ "ಸೂ" ಆಗಿತ್ತು.

ಹದಿನೇಳನೇ ಜಾಗದಲ್ಲಿ ಇಮ್ರಾನ್, ಶಬಾನಾ ಇದ್ದರು. ವಿಜಯಪುರದವರು. ಅವನು ಹ್ಯೂಸ್ಟನ್ನಿನಲ್ಲಿ ನೀರಿನ ವಿಷಯದಲ್ಲೇ ಪಿಎಚ್‌ಡಿ ಮಾಡುತ್ತಿದ್ದ. ಸ್ಟೈಪೆಂಡಿನಲ್ಲಿ ಅಪಾರ್ಟ್‌ಮೆಂಟ್ ಹಿಡಿಯಲಾಗದೆ, ಯಾರೋ ಮಾರಿದ ಹಳೇ ಆರ್‌ವಿ ಕೊಂಡು ಅದರಲ್ಲಿ ಸಂಸಾರ ಹೂಡಿದ್ದ. ನಾನು ಮೊದಲ ದಿನ ಬಾಗಿಲು ತಟ್ಟಿ ಇಂಗ್ಲಿಷಿನಲ್ಲಿ ನನ್ನ ಹೆಸರು ಹೇಳುತ್ತಿದ್ದ ಹಾಗೆ ಶಬಾನಾ, "ಅಯ್ಯ, ಕನ್ನಡದವರೇನ್ರಿ ಅಕ್ಕಾರ?" ಅಂದು ಕೈಹಿಡಿದು ಒಳಗೆ ಎಳೆದುಕೊಂಡಳು. ಆಗ ಅವಳಿಗೆ ನಾಲ್ಕು ತಿಂಗಳು. ಆಮೇಲೆ ನನ್ನ ಮಧ್ಯಾಹ್ನದ ಊಟ ಅವರ ಮನೆಯಲ್ಲೇ. ಜೋಳದ ಹಿಟ್ಟು ಕೇಟಿಯ ಇಂಡಿಯನ್ ಅಂಗಡಿಯಿಂದ ನಾನು ತರುತ್ತಿದ್ದೆ, ರೊಟ್ಟಿ ಬಡಿಯುವುದು ಅವಳು.

ನನ್ನ ಕೆಲಸಗಳಲ್ಲಿ ಮುಖ್ಯವಾದದ್ದು ಮೀಟರ್ ಓದುವುದು. ಇಡೀ ಪಾರ್ಕಿಗೆ ಗೇಟಿನ ಹತ್ತಿರ ಒಂದೇ ದೊಡ್ಡ ನೀರಿನ ಮೀಟರು. ಆ ಊರಿನ ಲೆಕ್ಕ ಹೀಗಿತ್ತು: ಡಿಸೆಂಬರ್, ಜನವರಿ, ಫೆಬ್ರವರಿ ಮೂರು ತಿಂಗಳಲ್ಲಿ ಎಷ್ಟು ನೀರು ಒಳಗೆ ಬಂತೋ ಅದರ ಸರಾಸರಿ ಹಿಡಿದು, ವರ್ಷಪೂರ್ತಿ ಅಷ್ಟೇ ಕೊಳೆನೀರು ಹೊರಗೆ ಹೋಗುತ್ತದೆ ಎಂದು ಒಳಚರಂಡಿ ದರ ಹಾಕುವರು. ಚಳಿಗಾಲದಲ್ಲಿ ಯಾರೂ ಹುಲ್ಲಿಗೆ ನೀರು ಬಿಡುವುದಿಲ್ಲ, ಬಳಸಿದ್ದೆಲ್ಲ ಚರಂಡಿಗೇ ಹೋಗಬೇಕು ಎಂಬ ತರ್ಕ. ಸಾಲದ್ದಕ್ಕೆ, ಅರವತ್ತೆರಡು ಜಾಗವನ್ನೂ ಅರವತ್ತೆರಡು ಮನೆ ಎಂದು ಎಣಿಸಿ, ಖಾಲಿ ಇದ್ದವಕ್ಕೂ ಕನಿಷ್ಠ ದರ ಜಡಿಯುತ್ತಿದ್ದರು.

"ಈ ಮೂರು ತಿಂಗಳು ಒಂದು ಹನಿ ದಂಡವಾಗಬಾರದು, ಸೂ. ಈ ಸಲವೂ ದರ ಏರಿದರೆ ನಾನು ಪಾರ್ಕು ಮಾರಿಬಿಡುತ್ತೇನೆ. ಮನೆ ಕಟ್ಟುವವರು ಬಾಗಿಲಲ್ಲೇ ನಿಂತಿದ್ದಾರೆ" ಅಂದಿದ್ದಳು ಲೋರೆನ್. ಮಾರಿದರೆ ಎಲ್ಲರೂ ಎದ್ದು ಹೋಗಬೇಕು. ಶಬಾನಾಗೆ ಮೇ ತಿಂಗಳಲ್ಲಿ ಹೆರಿಗೆ.

ಒಂದು ಹನಿಯ ಮಾತನ್ನು ತುಮಕೂರಿನವಳಿಗೆ ಹೇಳಿಕೊಡಬೇಕೆ? ನಾನು ಟೊಂಕ ಕಟ್ಟಿ ನಿಂತೆ. ದಿನಾ ನಾಲ್ಕು ಗಂಟೆಗೆ ಮೀಟರ್ ಓದಿ ನೋಟ್‌ಬುಕ್ಕಿನಲ್ಲಿ ಬರೆದೆ, ಪಕ್ಕದಲ್ಲೇ ಆ ದಿನ ಎಷ್ಟು ಜಾಗ ತುಂಬಿದೆ ಎಂದೂ ಬರೆದೆ. ತೊಟ್ಟಿಕ್ಕುವ ನಲ್ಲಿ ಕಂಡರೆ ವಾಷರ್ ಹಾಕಿಸಿದೆ. ಜನವರಿ ಮುಗಿಯುವ ಹೊತ್ತಿಗೆ ಹಿಂದಿನ ವರ್ಷಕ್ಕಿಂತ ಎಷ್ಟೋ ಕಡಿಮೆಯಾಗಿತ್ತು. ಲೋರೆನ್ ಫೋನಿನಲ್ಲೇ ಮುತ್ತು ಕೊಟ್ಟಳು. ನನಗೋ ನೆಲದ ಮೇಲೆ ಕಾಲಿಲ್ಲ.

ಫೆಬ್ರವರಿಯ ಎರಡನೇ ವಾರ ಚಳಿಯ ಎಚ್ಚರಿಕೆ ಬಂತು. ಹ್ಯೂಸ್ಟನ್ನಿನ ಕಡೆ ನೀರು ಹೆಪ್ಪುಗಟ್ಟುವ ಚಳಿ ಬರುವುದು ಅಪರೂಪ, ಬಂದರೆ ಪೈಪು ಒಡೆಯುತ್ತವೆ. ಮನೆಗಳಲ್ಲಿ ನಲ್ಲಿಯನ್ನು ಸಣ್ಣಗೆ ಹರಿಯಬಿಡುತ್ತಾರೆ. ನಮ್ಮಲ್ಲಿ ಹಾಗೆ ಬಿಟ್ಟರೆ ಸರಾಸರಿ ಹಾಳು. ಅದಕ್ಕೆ ಲೋರೆನ್ ಬೇರೆ ದಾರಿ ಹೇಳಿದಳು: ಎಲ್ಲರೂ ನೀರು ತುಂಬಿಸಿಟ್ಟುಕೊಳ್ಳಲಿ, ಮಧ್ಯಾಹ್ನ ಗೇಟಿನ ವಾಲ್ವ್ ಮುಚ್ಚಿ ಪೈಪು ಖಾಲಿ ಮಾಡಿ, ಚಳಿ ಇಳಿದ ಮೇಲೆ ತೆರೆಯಿರಿ. ಅಲ್ಲೇ ಹತ್ತು ವರ್ಷದಿಂದ ಇದ್ದ ಹ್ಯಾಂಕ್ ಎಂಬ ಮುದುಕನಿಗೆ ಆ ಕೆಲಸ ಗೊತ್ತಿತ್ತು. ಹಿಂದೆ ವೆಲ್ಡರ್ ಆಗಿದ್ದವನು. ಅವನು ಮೂರು ಗಂಟೆಗೆ ವಾಲ್ವ್ ಮುಚ್ಚಿ, ತಗ್ಗಿನಲ್ಲಿದ್ದ ಒಂದು ಪೈಪಿನ ಬಾಯಿ ಬಿಚ್ಚಿದ. ಆಮೇಲೆ ಕುಂಟುತ್ತ ಹೋಗಿ ಎಲ್ಲ ಜಾಗಗಳ ನಲ್ಲಿ ತೆರೆದಿಟ್ಟು, ಬೆನ್ನುನೋವೆಂದು ತನ್ನ ಆರ್‌ವಿ ಸೇರಿಕೊಂಡ. ನಾನು ಆಗ ಆಫೀಸಿನಲ್ಲಿ ಫೋನು ಹಿಡಿದು ಒಬ್ಬೊಬ್ಬರಿಗೂ ನೀರು ತುಂಬಿಸಿಕೊಂಡಿರಾ ಎಂದು ಕೇಳುತ್ತಿದ್ದೆ. ಅವನು ತಗ್ಗಿನಲ್ಲಿ ಮಾಡಿದ್ದು ಏನೆಂದು ನನಗೆ ಆಗ ತಿಳಿದಿರಲಿಲ್ಲ.

ನಾಲ್ಕಕ್ಕೆ ಮೀಟರ್ ಓದಲು ಹೊರಬಂದೆ. ಬೂದು ಆಕಾಶ, ಕಿವಿ ಕತ್ತರಿಸುವ ಗಾಳಿ. ನೋಡುತ್ತೇನೆ, ಸಾಲಿಗೆ ಸಾಲು ನಲ್ಲಿಗಳು ಬಾಯಿ ತೆರೆದುಕೊಂಡಿವೆ.

ಇಲ್ಲಿ ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ತುಮಕೂರಿನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ, ಅದೂ ಯಾವ ಹೊತ್ತಿಗೋ ದೇವರಿಗೇ ಗೊತ್ತು. ನೀರು ನಿಂತಿತೋ, ನಲ್ಲಿಯನ್ನು ಭದ್ರವಾಗಿ ತಿರುಗಿಸಿಯೇ ಅಲ್ಲಿಂದ ಏಳಬೇಕು. ಒಂದು ಸಲ ನಾನು ಮರೆತೆ. ಎಲ್ಲರೂ ಮದುವೆಗೆ ಹೋಗಿದ್ದೆವು. ಬಂದು ಬಾಗಿಲು ತೆಗೆದರೆ ಪಾದ ಮುಳುಗುವಷ್ಟು ನೀರು, ರಾಗಿ ಮೂಟೆ ಮೊಳಕೆ ಬರುವ ಹಾಗೆ ನೆಂದಿದೆ. ಅಮ್ಮ ಕೆನ್ನೆಗೆ ಬಿಟ್ಟ ಏಟಿಗಿಂತ, ಅಪ್ಪ ಮೂರು ದಿನ ನನ್ನ ಜೊತೆ ಮಾತಾಡದೆ ಇದ್ದದ್ದು ಹೆಚ್ಚು ನೋವಾಗಿತ್ತು. ನೀರು ಹೋದ ಮೇಲೆ ತೆರೆದ ನಲ್ಲಿ ಕಂಡರೆ ಇವತ್ತಿಗೂ ನನ್ನ ಕೈ ತಾನಾಗಿಯೇ ಮುಂದೆ ಹೋಗುತ್ತದೆ.

ಆ ದಿನವೂ ಹೋಯಿತು. ಈ ಜನಕ್ಕೆ ಇಷ್ಟೂ ತಿಳಿಯದೆ, ನಾಳೆ ವಾಲ್ವ್ ತೆರೆದರೆ ಅರವತ್ತೆರಡು ಕಡೆ ಸುರಿದು ಹೋಗುತ್ತದಲ್ಲ ಎಂದು ಗೊಣಗುತ್ತ, ಒಂದೊಂದೇ ನಲ್ಲಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಬಂದೆ. ಬೆರಳು ಮರಗಟ್ಟಿತ್ತು. ಕಾರು ಹತ್ತುವಾಗ ಒಳ್ಳೆಯ ಕೆಲಸ ಮಾಡಿದೆನೆಂದು ನನಗೆ ನಾನೇ ಶಹಬಾಸ್ ಹೇಳಿಕೊಂಡೆ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮನೆಯಲ್ಲಿ ಕಾಫಿ ಕುಡಿಯುತ್ತ ರಘುವಿಗೆ ಹೇಳಿದೆ. ಅವನು ಲೋಟ ಕೆಳಗಿಟ್ಟ.

"ತೆರೆದಿದ್ದನ್ನ ಮುಚ್ಚಿದ್ಯಾ? ಎಲ್ಲಾನೂ?"

"ಹೂಂ. ಯಾಕೆ?"

"ವಸು, ಎಳನೀರಿನ ಸ್ಟ್ರಾ ತುದಿಗೆ ಬೆರಳು ಇಟ್ಟು ಮೇಲೆತ್ತಿದ್ರೆ ನೀರು ಕೆಳಗೆ ಬೀಳುತ್ತಾ? ಗಾಳಿ ಹೋದ್ರೆ ತಾನೆ ನೀರು ಇಳಿಯೋದು. ಪೈಪು ಖಾಲಿ ಆಗ್ಲಿ ಅಂತ್ಲೇ ಆ ಮುದುಕ ತೆರೆದಿಟ್ಟಿದ್ದು. ಈಗ ನೀರೆಲ್ಲ ಒಳಗೇ ನಿಂತಿರುತ್ತೆ, ಹೆಪ್ಪುಗಟ್ಟುತ್ತೆ."

ನಾನು ತಟ್ಟನೆ ಎದ್ದೆ. ಮತ್ತೆ ಹೋಗೋಣ ಎಂದು ಕಾರಿನ ಕೀ ತೆಗೆದುಕೊಂಡೆ. ಅಷ್ಟರಲ್ಲಿ ಫ್ಲೈಓವರುಗಳ ಮೇಲೆ ಮಂಜುಗಡ್ಡೆ ಕಟ್ಟಿ ಹೈವೇ ಮುಚ್ಚಿದ್ದರು. ಹ್ಯಾಂಕ್‌ಗೆ ಫೋನು ಮಾಡಬಹುದಿತ್ತು. ನಂಬರ್ ಕೈಯಲ್ಲಿತ್ತು. ಮಾಡಿದರೆ, ಯಾಕೆ ಮುಚ್ಚಿದೆ ಎಂದು ಕೇಳುತ್ತಾನಲ್ಲ ಎಂದು ಹೆದರಿ ಮಾಡಲಿಲ್ಲ. ಈ ಕಥೆಯಲ್ಲಿ ನಲ್ಲಿ ಮುಚ್ಚಿದ್ದು ಅಜ್ಞಾನ, ಫೋನು ಮಾಡದೆ ಇದ್ದದ್ದು ಅಪರಾಧ.

ಮೂರು ದಿನದ ಮೇಲೆ ಬಿಸಿಲು ಬಂತು. ಹ್ಯಾಂಕ್ ವಾಲ್ವ್ ತೆರೆದ. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಏಳನೇ ಜಾಗದಲ್ಲಿ ಬುಸ್ಸೆಂದು ನೀರು ಎದ್ದಿತು, ಆಮೇಲೆ ಇಪ್ಪತ್ತರಲ್ಲಿ, ಆಮೇಲೆ ಎಲ್ಲೆಲ್ಲೂ. ಹ್ಯಾಂಕ್ ಓಡಿ ವಾಲ್ವ್ ಮುಚ್ಚಿದ. ಒಡೆದ ನಲ್ಲಿಯೊಂದರ ಮುಂದೆ ಕೂತು ಅದನ್ನು ತಿರುಗಿಸಿ ನೋಡಿದ. "ವಿಚಿತ್ರ. ಇದನ್ನು ನಾನು ತೆರೆದಿಟ್ಟಿದ್ದೆನಲ್ಲ, ಮೇಡಮ್" ಅಂದ. ಅವನು ಬೆನ್ನು ಒತ್ತಿಕೊಳ್ಳುತ್ತ ಎದ್ದು, "ಯಾರೋ ಮಕ್ಕಳ ಕೆಲಸ ಇರಬೇಕು" ಅಂದ. ನಾನು ಹೌದೆಂಬಂತೆ ತಲೆಯಾಡಿಸಿದೆ.

ನಾಲ್ಕು ದಿನ ಪಾರ್ಕಿಗೆ ನೀರಿಲ್ಲ. ಕೇಟಿಯ ನಮ್ಮ ಮನೆಯಿಂದ ಕ್ಯಾನುಗಳಲ್ಲಿ ನೀರು ತುಂಬಿ, ಕಾರಿನ ಡಿಕ್ಕಿ ನೆಲಕ್ಕೆ ಕೂರುವ ಹಾಗೆ ಹೊತ್ತು ತಂದೆ. ಆರು ತಿಂಗಳ ಬಸುರಿ ಶಬಾನಾ ಎರಡು ಸ್ವೆಟರ್ ಹಾಕಿಕೊಂಡು, ಒಂದು ಚೊಂಬಿನಲ್ಲಿ ಮುಖ ತೊಳೆದು, ಅದೇ ನೀರನ್ನು ಸಂಡಾಸಿಗೆ ಎತ್ತಿಡುತ್ತಿದ್ದಳು. "ನಮಗಿದೇನು ಹೊಸಾದಲ್ರಿ. ನೀವ್ಯಾಕ ಇಷ್ಟು ಸಂಕಟ ಮಾಡ್ಕೋತೀರಿ?" ಅಂತ ನನಗೇ ಸಮಾಧಾನ ಹೇಳಿದಳು. ಹ್ಯಾಂಕ್, ಇಮ್ರಾನ್ ಇಬ್ಬರೂ ಕೆಸರಿನಲ್ಲಿ ಮಂಡಿಯೂರಿ ಒಡೆದ ಪೈಪುಗಳನ್ನೆಲ್ಲ ಬದಲಾಯಿಸಿದರು.

ಎಲ್ಲವನ್ನೂ ಅಲ್ಲ. ಹಿಂದಿನ ಸಾಲಿನಲ್ಲಿ ಮೋರಿಯ ಪಕ್ಕ ಖಾಲಿ ಜಾಗಗಳಿದ್ದವು. ಅಲ್ಲಿ ನೆಲದ ಒಳಗೆ ಒಂದು ಜೋಡಣೆ ಸೀಳಿತ್ತು. ನೀರು ಸದ್ದಿಲ್ಲದೆ ಮೋರಿಗೆ ಹರಿದುಹೋಗುತ್ತಿತ್ತು. ಅದು ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೆ ಮೀಟರಿನಲ್ಲಿ ಕಾಣುತ್ತಿತ್ತು. ದಿನಾ ನಾಲ್ಕು ಗಂಟೆಗೆ ನಾನೇ ಆ ಅಂಕಿ ಬರೆಯುತ್ತಿದ್ದೆ, ದಿನಾ ಅದು ಹಾರುತ್ತಿತ್ತು. ಪಾಪ, ನಾಲ್ಕು ದಿನ ನೀರಿಲ್ಲದ ಜನ, ಈಗ ಬಟ್ಟೆ ಒಗೆಯುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾರನ್ನಾದರೂ ಕರೆದು ತೋರಿಸಿದರೆ ಮತ್ತೆ ಆ ನಲ್ಲಿಗಳ ಮಾತು ಏಳುತ್ತದೆ. ಒಂಬತ್ತು ದಿನ ಹೀಗೆ ಬರೆದೆ. ಹತ್ತನೇ ದಿನ ಇಮ್ರಾನ್ ಮೋರಿಯಲ್ಲಿ ತಿಳಿನೀರು ಹರಿಯುವುದನ್ನು ಕಂಡು ಹ್ಯಾಂಕ್‌ನನ್ನು ಕರೆದ. ಫೆಬ್ರವರಿ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು.

ಮಾರ್ಚಿನಲ್ಲಿ ಲೋರೆನ್ ಬಂದಳು. ಸೋರಿಕೆಯ ನೀರನ್ನು ಸರಾಸರಿಯಿಂದ ಕಳೆಯಲು ಸಿಟಿಗೆ, ಅಂದರೆ ಆ ಊರಿನ ನಗರಸಭೆಗೆ, ಅರ್ಜಿ ಹಾಕಬಹುದಂತೆ. ಪಾರ್ಕು ನೋಡಿಕೊಳ್ಳುವವರು ಏನಾಯಿತೆಂದು ಬರೆದು, ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಅಂದರೆ ನಾನು. "ಏನಾಯಿತೋ ಅದನ್ನು ಬರಿ, ಸೂ" ಅಂದಳು.

ಆ ಹಾಳೆಯನ್ನು ಒಂದು ವಾರ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಸತ್ಯ ಬರೆದರೆ ಕೆಲಸ ಹೋಗುತ್ತದೆ, ನಷ್ಟಕ್ಕೆ ನನ್ನ ಮೇಲೆ ಕೇಸು ಹಾಕುತ್ತಾರೆ, ಕೇಸು ಬಿದ್ದರೆ ಗ್ರೀನ್ ಕಾರ್ಡು ಹೋಗುತ್ತದೆ. ಸುಳ್ಳು ಬರೆದರೆ ಪ್ರಮಾಣದ ಮೇಲೆ ಸುಳ್ಳು, ಅದಕ್ಕೂ ಗ್ರೀನ್ ಕಾರ್ಡು ಹೋಗುತ್ತದೆ. ಎರಡು ದಾರಿಯ ಕೊನೆಯಲ್ಲೂ ನಾನು, ರಘು, ಮಗಳು ಸೂಟ್‌ಕೇಸ್ ಹಿಡಿದು ಏರ್‌ಪೋರ್ಟಿನಲ್ಲಿ ನಿಂತಿರುವುದು ಕಾಣುತ್ತಿತ್ತು. ಇದೆಲ್ಲ ನಿಜವೇ ಎಂದು ಯಾವ ವಕೀಲರನ್ನೂ ಕೇಳಲಿಲ್ಲ. ಕೇಳಲೂ ಭಯ.

"ಚಳಿಗೆ ಒಡೀತು ಅಂತ ಬರಿ. ಅದು ಸುಳ್ಳೇನಲ್ಲವಲ್ಲ" ಅಂದ ರಘು.

"ಪೂರ್ತಿ ಸತ್ಯಾನೂ ಅಲ್ಲ."

"ಹಾಗಾದ್ರೆ ನೀನೇ ನೋಡು. ಯಾರಿಗೂ ಮಾತ್ರ ಹೇಳ್ಬೇಡ."

ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಪೈಪು ಒಡೆಯಿತು, ನಿಖರ ಕಾರಣ ತಿಳಿದುಬಂದಿಲ್ಲ ಎಂದು ಬರೆದು ಸಹಿ ಹಾಕಿದೆ. ಎರಡು ವಾರಕ್ಕೆ ಅರ್ಜಿ ವಾಪಸ್ ಬಂತು. ಕಾರಣ ತಿಳಿಸದೆ ಇದ್ದದ್ದರಿಂದ ತಿರಸ್ಕರಿಸಲಾಗಿದೆ.

ಮೊದಲ ಹೊಸ ಬಿಲ್ಲು ಬಂದ ದಿನ ಲೋರೆನ್ ಆಫೀಸಿನ ಕುರ್ಚಿಯಲ್ಲಿ ಕೂತು ಅತ್ತಳು. ಅಷ್ಟು ಗಟ್ಟಿ ಹೆಂಗಸು. ಬೇಸಗೆ ಮುಗಿಯುವುದರೊಳಗೆ ಪಾರ್ಕು ಮಾರುತ್ತೇನೆ ಅಂದಳು. ಸುದ್ದಿ ಒಂದು ಗಂಟೆಯಲ್ಲಿ ಎಲ್ಲ ಜಾಗಗಳಿಗೂ ಹಬ್ಬಿತು. ಹ್ಯಾಂಕ್ ಅವತ್ತು ಸಂಜೆ ತನ್ನ ಆರ್‌ವಿಯ ಚಕ್ರಗಳ ಗಾಳಿ ನೋಡುತ್ತ ಕೂತಿದ್ದ. ಹತ್ತು ವರ್ಷದಿಂದ ಉರುಳದ ಚಕ್ರಗಳು. ನಾನು ಆ ಕಡೆ ತಿರುಗಿ ನೋಡದೆ ಕಾರು ಹತ್ತಿದೆ.

ಹೋರಾಡಲು ಎದ್ದವನು ಇಮ್ರಾನ್. ಮೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತ್ತು. ಮಗುವನ್ನು ಮಡಿಲಲ್ಲಿ ಹಾಕಿಕೊಂಡೇ ಲ್ಯಾಪ್‌ಟಾಪಿನಲ್ಲಿ ಕಾನೂನು ಹುಡುಕುತ್ತಿದ್ದ. ಒಂದು ದಿನ ಆಫೀಸಿಗೆ ಓಡಿ ಬಂದ.

"ಅಕ್ಕಾರ, ಸಿಕ್ತು ನೋಡ್ರಿ! ರಸ್ತೆ ಆಚಿ ಕಡೆ ಹೋಟೆಲ್ ಐತಲ್ಲ, ಅದಕ್ಕ ತೊಂಬತ್ತು ರೂಮು. ಅದನ್ನ ಒಂದ ಬಿಸಿನೆಸ್ ಅಂತ ಹಿಡದು ಒಂದ ಬಿಲ್ ಕೊಡ್ತಾರ. ನಮ್ಮನ್ನ ಯಾಕ ಅರವತ್ತೆರಡು ಮನಿ ಅಂತ ಎಣಸ್ತಾರ? ಒಂದ ಮೀಟರಿನ ಆರ್‌ವಿ ಪಾರ್ಕಿಗೆ ಬ್ಯಾರೆ ಬಿಸಿನೆಸ್ಸಿಗೆ ಹಾಕಿದಂಗ ದರ ಹಾಕಬೇಕು ಅಂತ ರಾಜ್ಯದ ಕಾನೂನ ಐತ್ರಿ. ರಾಜಧಾನಿ ಆಸ್ಟಿನ್‌ದಾಗ ದೂರು ಕೊಡೂಣು."

ದೂರಿಗೆ ಸಾಕ್ಷಿಯಾಗಿ ಬೇಕಾದದ್ದು ನನ್ನ ನೋಟ್‌ಬುಕ್ಕು. ದಿನದಿನಕ್ಕೆ ಎಷ್ಟು ನೀರು ಬಂತು, ಎಷ್ಟು ಜಾಗ ತುಂಬಿತ್ತು ಎಂದು ಇಡೀ ಊರಿನಲ್ಲಿ ಬೇರೆ ಯಾರೂ ಬರೆದಿಟ್ಟಿರಲಿಲ್ಲ. "ನೀವು ಬಂದು ಇದು ನನ್ನ ಬರಹ ಅಂತ ಹೇಳಿದ್ರ ಸಾಕ್ರಿ" ಅಂದ. ನಾನು ಹೂಂ ಅಂದೆ. ಆ ನೋಟ್‌ಬುಕ್ಕಿನಲ್ಲೇ ಫೆಬ್ರವರಿಯ ಆ ಒಂಬತ್ತು ದಿನಗಳೂ ಇದ್ದವು. ಸೋರುತ್ತಿದೆ ಎಂದು ತಿಳಿದೂ ಸುಮ್ಮನಿದ್ದವಳ ಕೈಬರಹ. ಹಾಳೆ ಹರಿದುಬಿಡಲೇ ಎಂದು ಒಂದು ಸಂಜೆ ಅದನ್ನು ಹಿಡಿದು ಕೂತಿದ್ದೆ. ಹರಿದರೆ ಹರಿದದ್ದು ಗೊತ್ತಾಗುತ್ತದೆ ಎಂಬ ಭಯಕ್ಕೆ ಬಿಟ್ಟೆನೇ ಹೊರತು ಧರ್ಮಕ್ಕೆ ಹೆದರಿ ಅಲ್ಲ.

ಜುಲೈನಲ್ಲಿ ವಿಚಾರಣೆ. ಬೆಳಿಗ್ಗೆ ಆರಕ್ಕೆ ನಾನೂ ಇಮ್ರಾನೂ ನನ್ನ ಕಾರಿನಲ್ಲಿ ಕೇಟಿ ಬಿಟ್ಟೆವು, ಲೋರೆನ್ ಮೆಕಿನ್ನಿಯಿಂದ ನೇರ ಅಲ್ಲಿಗೆ ಬಂದಳು. ಆಸ್ಟಿನ್ನಿನ ಆ ಸರ್ಕಾರಿ ಕಟ್ಟಡದಲ್ಲಿ ಏಸಿ ಎಷ್ಟು ತಣ್ಣಗಿತ್ತೆಂದರೆ ನನಗೆ ಮತ್ತೆ ಫೆಬ್ರವರಿ ಬಂದ ಹಾಗಾಯಿತು. ಸಣ್ಣ ಕೋಣೆ. ಎತ್ತರದ ಮೇಜಿನ ಹಿಂದೆ ವಿಚಾರಣೆಯ ಅಧಿಕಾರಿ, ಬಿಳಿಕೂದಲ ಹೆಂಗಸು. ಬಲಗೈ ಎತ್ತಿ ಸತ್ಯವನ್ನೇ ಹೇಳುತ್ತೇನೆಂದು ಹೇಳಿದೆ.

ಸಿಟಿಯ ವಕೀಲ ಸಭ್ಯ ಮನುಷ್ಯ. ಜಾಗಗಳ ಬಗ್ಗೆ ಕೇಳಿದ, ಖಾಲಿ ಇದ್ದವುಗಳ ಬಗ್ಗೆ ಕೇಳಿದ. ಆಮೇಲೆ ನಿಧಾನವಾಗಿ ಹಾಳೆ ತಿರುವಿದ. ಡಿಸೆಂಬರ್. ಜನವರಿ. ಅವನ ಬೆರಳು ಹೋಗಿ ನಿಂತ ಜಾಗ ನನಗೆ ದೂರದಿಂದಲೇ ಗೊತ್ತಾಯಿತು.

"ಇಲ್ಲಿ ಅಂಕಿ ಒಮ್ಮೆಲೇ ಏರುತ್ತದೆ. ಒಂಬತ್ತು ದಿನ. ಇದನ್ನು ಬರೆಯುವಾಗ ನಿಮಗೆ ಏನನ್ನಿಸಿತು, ಮೇಡಮ್?"

ಹೇಳಿಬಿಡುತ್ತೇನೆ ಅಂದುಕೊಂಡೆ. ನಿಜವಾಗಿಯೂ ಬಾಯಿ ತೆರೆದೆ. ಅಷ್ಟರಲ್ಲಿ ಅಧಿಕಾರಿ ಕಾಗದಗಳನ್ನು ನೋಡಿ, "ಫೆಬ್ರವರಿಯ ಸೋರಿಕೆಯ ಪ್ರಶ್ನೆ ಈ ದೂರಿನಲ್ಲಿಲ್ಲ. ದೂರು ಕೊಟ್ಟವರು ಅದನ್ನು ಬಿಟ್ಟಿದ್ದಾರೆ. ಮುಂದೆ ಹೋಗಿ" ಅಂದಳು. ವಕೀಲ ಭುಜ ಹಾರಿಸಿ ನೋಟ್‌ಬುಕ್ಕು ಮುಚ್ಚಿದ. ನನ್ನ ಬಾಯಿಯೂ ಮುಚ್ಚಿಕೊಂಡಿತು.

ದೂರನ್ನು ಬರೆದವನು ಇಮ್ರಾನ್. ಸೋರಿಕೆಯನ್ನೂ ಸೇರಿಸಿ ಎಂದು ಲೋರೆನ್ ಹೇಳಿದ್ದಳು. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ ಎಂದು ಅವನು ಅವಳನ್ನು ಒಪ್ಪಿಸಿದ್ದನಂತೆ. ಊಟಕ್ಕೆ ದ ಡೊಮೇನ್ ಎಂಬ ಮಾಲಿನ ಹತ್ತಿರ ಕಾರು ನಿಲ್ಲಿಸಿದಾಗ ಅದನ್ನು ಹೇಳಿದ. ಹೊರಗೆ ಬೆಂಕಿಯಂಥ ಬಿಸಿಲು. ಕಾರಿನೊಳಗೆ ನಾವಿಬ್ಬರೇ. ಆಗಲಾದರೂ ಹೇಳಬಹುದಿತ್ತು. "ಯಾಕೆ ಬಿಟ್ಟೆ?" ಎಂದಷ್ಟೇ ಕೇಳಿದೆ. "ಸುಮ್ಮ ಬಿಟ್ಟೇನ್ರಿ" ಅಂದ, ಕಿಟಕಿಯ ಆಚೆ ನೋಡುತ್ತ. ನನಗೆ ಹೊಟ್ಟೆ ತುಂಬ ನೆಮ್ಮದಿಯಾಯಿತು. ಅವತ್ತು ಎರಡು ಪ್ಲೇಟು ಬಿರಿಯಾನಿ ತಿಂದೆ.

ಆಗಸ್ಟಿನಲ್ಲಿ ತೀರ್ಪು ಬಂತು. ಜಾಗಗಳನ್ನು ಮನೆಗಳೆಂದು ಎಣಿಸುವಂತಿಲ್ಲ, ಹೋಟೆಲಿಗೆ ಹಾಕಿದ ಹಾಗೆಯೇ ದರ ಹಾಕಬೇಕು. ಲೋರೆನ್ ಪಾರ್ಕು ಮಾರಲಿಲ್ಲ. ಹ್ಯಾಂಕ್ ನನ್ನ ಕೈ ಕುಲುಕಿ ಬಿಟ್ಟ ಮೇಲೂ ಬೆರಳು ನೋಯುತ್ತಿತ್ತು. ಆದರೆ ಫೆಬ್ರವರಿಯ ಸೋರಿಕೆ ಸರಾಸರಿಯಲ್ಲಿ ಹಾಗೇ ಉಳಿಯಿತು, ಒಳಚರಂಡಿಯ ಆ ಹೆಚ್ಚಿನ ದರ ಮುಂದಿನ ಚಳಿಗಾಲದವರೆಗೂ ಇತ್ತು. ಲೋರೆನ್ ಎಲ್ಲರ ಬಾಡಿಗೆ ಏರಿಸಿದಳು. ದೊಡ್ಡ ಏರಿಕೆಯೇನಲ್ಲ, ಉಳಿದವರು ಹೇಗೋ ತಡೆದುಕೊಂಡರು. ಸ್ಟೈಪೆಂಡಿನಲ್ಲಿ ಕೂಸನ್ನು ಸಾಕುತ್ತಿದ್ದ ಇಮ್ರಾನ್‌ಗೆ ಮಾತ್ರ ಆಗಲಿಲ್ಲ. ಯೂನಿವರ್ಸಿಟಿಗೆ ಒಂದೂವರೆ ಗಂಟೆ ದೂರದ ಯಾವುದೋ ಪಾರ್ಕಿನಲ್ಲಿ ಅಗ್ಗದ ಜಾಗ ನೋಡಿಕೊಂಡ. ಬಾಡಿಗೆಯ ಹೆಚ್ಚುವರಿ ನಾನು ಕೊಡುತ್ತೇನೆ ಅಂದೆ. "ಬ್ಯಾಡ್ರಿ ಅಕ್ಕಾರ" ಅಂದ, ಎರಡನೇ ಸಲ ಕೇಳದ ಹಾಗೆ.

ಅವರು ಹೊರಟ ದಿನ ಹ್ಯಾಂಕ್ ತನ್ನ ಪಿಕಪ್ಪಿಗೆ ಅವರ ಮನೆಯನ್ನು ಸಿಕ್ಕಿಸಿಕೊಂಡಿದ್ದ. ಇಮ್ರಾನ್ ಸರಪಳಿ ಬಿಗಿಯುತ್ತಿದ್ದ. ಶಬಾನಾ ಮಗುವನ್ನು ಎತ್ತಿಕೊಂಡು ನನ್ನ ಪಕ್ಕ ನಿಂತಿದ್ದಳು. ನಾನು ಅಳುತ್ತಿದ್ದೆ. ಅವಳು ನನ್ನ ಕೈಹಿಡಿದು ಮೆಲ್ಲಗೆ ಹೇಳಿದಳು:

"ಸಾಕ್ರಿ ಅಕ್ಕಾರ. ಅವತ್ತಿಂದ ನೀವು ಇದನ್ನ ಹೊತ್ಕೊಂಡ ತಿರಗಾಕತ್ತೀರಿ. ನಾ ಕಿಡಕ್ಯಾಗಿಂದ ನೋಡಿದ್ನಿ. ಒಂದೊಂದ ನಳ ಬಂದ್ ಮಾಡ್ಕೋತ ಹೊಂಟಿದ್ರಿ. ನಮ್ಮ ನಳ ಒಂದು ಮರ್ತು ಹೋಗಿದ್ರಿ, ನಾನ ಹೊರಗ ಬಂದು ಬಂದ್ ಮಾಡಿದ್ನಿ. ನೀರು ಹೋದಮ್ಯಾಲ ನಳ ತೆರದಿಟ್ರ ನಮ್ಮ ಅಮ್ಮಿ ಬಡೀತಿದ್ಲು ರೀ. ಇಲ್ಲಿಯವರಿಗೆ ಇದು ಹೆಂಗ ತಿಳೀಬೇಕು?"

ನಾನು ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದೆ. "ಇಮ್ರಾನ್‌ಗೆ ಗೊತ್ತಾ?"

"ಪೈಪು ಒಡದ ದಿನಾನ ಹೇಳೀನ್ರಿ. ಸೋರಿದ್ದನ್ನ ದೂರಿನಾಗ ಹಾಕಿದ್ರ ನಿಮ್ಮನ್ನ ಕೇಳ್ತಾರ, ಅಕ್ಕಾರ ಗ್ರೀನ್ ಕಾರ್ಡಿಗೆ ಏನಾರ ಆದೀತು ಅಂತ ಅಂವ ಬಿಟ್ಟ."

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಇವರು ಏಳು ತಿಂಗಳಿಂದ ಉಣ್ಣುತ್ತಿದ್ದರು, ನನಗೆ ರೊಟ್ಟಿ ಬಡಿದು ಹಾಕುತ್ತಲೇ. ನಾನು ಅಲ್ಲೇ ನಿಂತು ಲೋರೆನ್‌ಗೆ ಫೋನು ಮಾಡಿದೆ. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ ಪಿಕಪ್ಪಿನ ಬಾನೆಟ್ಟಿನ ಮೇಲೆ ಇಟ್ಟೆ. ನಲ್ಲಿಗಳನ್ನು ಮುಚ್ಚಿದ್ದು ನಾನೇ ಅಂದೆ. ಸೋರುವುದು ಮೀಟರಿನಲ್ಲಿ ಕಂಡರೂ ಸುಮ್ಮನಿದ್ದೆ ಅಂದೆ. ಎಲ್ಲ ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಹ್ಯಾಂಕ್ ಸ್ಟಿಯರಿಂಗ್ ಹಿಂದೆ ಕೂತು ಎಲ್ಲ ಕೇಳಿಸಿಕೊಂಡ, ನನ್ನ ಕಡೆ ನೋಡಲಿಲ್ಲ.

ಲೋರೆನ್ ಬೈಯಲಿಲ್ಲ, ದಣಿದ ದನಿಯಲ್ಲಿ ಹೇಳಿದಳು: "ಸೂ, ಇದನ್ನು ಮಾರ್ಚಿನಲ್ಲೇ ಬರೆದುಕೊಟ್ಟಿದ್ದರೆ ಸಿಟಿಯವರು ಕಳೆದುಬಿಡುತ್ತಿದ್ದರು. ಕೆಲಸದವರ ಕೈತಪ್ಪಿಗೆ ಒಂದು ಸಲ ಮಾಫಿ ಇದೆ, ಅವರೇ ನನಗೆ ಹೇಳಿದ್ದರು. ಕಾರಣ ಗೊತ್ತಿಲ್ಲ ಅನ್ನುವುದಕ್ಕೆ ಮಾತ್ರ ಇಲ್ಲ. ಈಗ ಕಾಲ ಮೀರಿತು."

ಲೋರೆನ್‌ಳ ಎಳೆದೆಳೆದು ಆಡುವ ಇಂಗ್ಲಿಷು ಶಬಾನಾಗೆ ಯಾವತ್ತೂ ಸರಿಯಾಗಿ ಹತ್ತುತ್ತಿರಲಿಲ್ಲ. ಅವಳು ಗಂಡನ ಮುಖ ನೋಡಿ, "ಏನಂದ್ರು?" ಅಂದಳು.

ಇಮ್ರಾನ್ ಸರಪಳಿ ಹಿಡಿದು ಹಾಗೇ ನಿಂತಿದ್ದ. ಅವನಿಗೆ ಪ್ರತಿಯೊಂದು ಶಬ್ದವೂ ಅರ್ಥವಾಗಿತ್ತು. "ಏನಿಲ್ಲ. ಹುಷಾರಿಲೆ ಹೋಗ್ರಿ ಅಂದ್ರು" ಅಂದ.

"ಅಲ್ಲ ಶಬಾನಾ" ಅಂದೆ ನಾನು. "ನಾನು ಮೊದಲೇ ನಿಜ ಹೇಳಿದ್ದಿದ್ರೆ ಬಾಡಿಗೆ ಏರ್ತಾನೇ ಇರ್ಲಿಲ್ವಂತೆ. ನೀವು ಎಲ್ಲಿಗೂ ಹೋಗ್ಬೇಕಾಗಿರ್ಲಿಲ್ಲ."

ಶಬಾನಾ ನನ್ನ ಕೈ ಬಿಟ್ಟು, ಮಗುವನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಾಯಿಸಿಕೊಂಡಳು.

"ಹೌದಾ" ಅಂದಳು. ಆಮೇಲೆ ಹೋಗಿ ಪಿಕಪ್ ಹತ್ತಿದಳು.